ವಂಶಲಿಪಿಯೂ ರಾಷ್ಟ್ರದ ಆಸ್ಪತ್ರೆಯೂ

ಮನುಷ್ಯದೇಹದ ಬಹುಪಾಲು ಜೀವಕಣಗಳಲ್ಲಿ ಡಿ.ಎನ್.ಎ. ಎಂಬ ಎಳೆಯ ಮೇಲೆ ಸುಮಾರು 300 ಕೋಟಿ ಅಕ್ಷರಗಳ ಬರಹವೊಂದು ಅಡಗಿದೆ. ಅದಕ್ಕೆ ಜೀನೋಮ್ ಎಂದು ಹೆಸರು. ಅದರಲ್ಲಿ ಒಂದೇ ಅಕ್ಷರ ತಪ್ಪಿದ್ದರೂ ಕೆಲವೊಮ್ಮೆ ಮಗು ಹುಟ್ಟುರೋಗಿಯಾಗುವುದುಂಟು. ರೋಗದ ಹೆಸರೇ ತಿಳಿಯದೆ ತಂದೆತಾಯಿಗಳು ವರ್ಷಗಟ್ಟಲೆ ಅಲೆಯುವುದೂ ಉಂಟು. ಈ ಬರಹವನ್ನು ಓದುವ ವಿದ್ಯೆ ಅಂಥವರ ನೆರವಿಗೆ ಬಂದ ಬಗೆಯನ್ನು ಇಂಗ್ಲೆಂಡಿನ ಉದಾಹರಣೆಯಲ್ಲಿ ಚೆನ್ನಾಗಿ ಕಾಣಬಹುದು.

ಅಕ್ಷರಗಳನ್ನು ಸಾಲಾಗಿ ಓದುವ ಕ್ರಮವೊಂದನ್ನು ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರರು 1977ರಲ್ಲಿ ಪ್ರಕಟಿಸಿದರು. ಹಲವು ದೇಶಗಳು ಕೂಡಿ 1990ರಲ್ಲಿ ಆರಂಭಿಸಿದ ಮಾನವ ಜೀನೋಮ್ ಯೋಜನೆ 13 ವರ್ಷ ಹಿಡಿಯಿತು. ಮದರಾಸಿನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಕೇಂಬ್ರಿಜ್ಜಿನಲ್ಲೇ ರೂಪಿಸಿದ ಹೊಸ ವಿಧಾನದಿಂದ ಒಬ್ಬನ ಜೀನೋಮನ್ನು ಓದುವುದು ಕೆಲವೇ ದಿನಗಳ ಕೆಲಸವಾಯಿತು.

ಯಂತ್ರ ಸಿದ್ಧವಾದ ಮಾತ್ರಕ್ಕೆ ಆಸ್ಪತ್ರೆ ಸಿದ್ಧವಾಗಲಿಲ್ಲ. 2012ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಲಕ್ಷ ಜೀನೋಮುಗಳನ್ನು ಓದಿಸುವುದಾಗಿ ಸಾರಿ, ಮರುವರ್ಷ ಅದಕ್ಕಾಗಿ ಜೀನೋಮಿಕ್ಸ್ ಇಂಗ್ಲೆಂಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅಪರೂಪದ ರೋಗಗಳೂ ಕ್ಯಾನ್ಸರೂ ಮುಖ್ಯ ಗುರಿ. 1948ರಿಂದ ನಡೆದುಬಂದ ರಾಷ್ಟ್ರೀಯ ಆರೋಗ್ಯ ಸೇವೆಯ 13 ಕೇಂದ್ರಗಳು ರೋಗಿಗಳ ಒಪ್ಪಿಗೆ ಪಡೆದು ಮಾದರಿಗಳನ್ನು ಕೂಡಿಸತೊಡಗಿದವು. ಕ್ಯಾನ್ಸರಿನಲ್ಲಿ ರಕ್ತದ ಬರಹವನ್ನೂ ಗಡ್ಡೆಯ ಬರಹವನ್ನೂ ಓದಿ ಹೋಲಿಸಬೇಕು. ತೊಡಕು ಕಂಡದ್ದು ಇಲ್ಲಿಯೇ. ತೆಗೆದ ಗಡ್ಡೆಯನ್ನು ಫಾರ್ಮಲಿನ್ ದ್ರವದಲ್ಲಿಡುವುದು ಹಿಂದಿನಿಂದ ಬಂದ ವಾಡಿಕೆ. ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ ಅಷ್ಟು ಸಾಕು. ಆದರೆ ಅದರಿಂದ ಡಿ.ಎನ್.ಎ. ಕೆಡುತ್ತದೆ. ಆದ್ದರಿಂದ ಗಡ್ಡೆಯ ತುಣುಕನ್ನು ಹಸಿಯಾಗಿರುವಾಗಲೇ ಹೆಪ್ಪುಗಟ್ಟಿಸಿಡುವ ಪಾಠವನ್ನು ಶಸ್ತ್ರವೈದ್ಯರಿಂದ ಪ್ರಯೋಗಾಲಯದವರವರೆಗೆ ಎಲ್ಲರೂ ಕಲಿಯಬೇಕಾಯಿತು.

2018ರ ಡಿಸೆಂಬರಿನಲ್ಲಿ ಲಕ್ಷದ ಎಣಿಕೆ ತುಂಬಿತು. ಆ ವರ್ಷವೇ ಜೀನೋಮ್ ಪರೀಕ್ಷೆಗಾಗಿ ಆರೋಗ್ಯ ಸೇವೆಯಲ್ಲಿ ಪ್ರತ್ಯೇಕ ಶಾಖೆಯೊಂದು ಮೊದಲಾಯಿತು. ಅಪರೂಪದ ರೋಗವಿದ್ದ 2,183 ಕುಟುಂಬಗಳ ಮೊದಲ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರಿಗೆ ರೋಗದ ಮೂಲ ತಿಳಿಯಿತು. ಉಳಿದ ಮೂವರಿಗೆ ಉತ್ತರ ದೊರೆಯಲಿಲ್ಲ.

ಅಕ್ಷರ ಓದಿದರೆ ಅರ್ಥ ತಾನಾಗಿ ತಿಳಿಯದು. ಕಂಡ ವ್ಯತ್ಯಾಸ ರೋಗದ್ದೋ ಸಹಜವಾದದ್ದೋ ಎಂದರಿಯಲು ಅದೇ ಜನಸಮುದಾಯದ ಇತರರ ಬರಹದೊಡನೆ ಹೋಲಿಸಬೇಕು. ಜಗತ್ತಿನ ಸಂಗ್ರಹಗಳಲ್ಲಿ ಐರೋಪ್ಯ ಮೂಲದವರದೇ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ, 2020ರಲ್ಲಿ ಮೊದಲಾದ ಯೋಜನೆಯೊಂದು ಸುಮಾರು 10,000 ಭಾರತೀಯರ ಜೀನೋಮುಗಳನ್ನು ಓದಿಸಿದ್ದು ಈ ಕೊರತೆಯನ್ನು ನೀಗಲೆಂದೇ. ನಿಘಂಟು ಹೀಗೆ ಸಿದ್ಧವಾಗುತ್ತಿದೆ. ಅದನ್ನು ಜಿಲ್ಲಾ ಆಸ್ಪತ್ರೆಯ ವೈದ್ಯರ ಕೈಗೆ ಮುಟ್ಟಿಸುವ ಏರ್ಪಾಡು ಮುಂದಿನ ಕೆಲಸ.