ಮೊಸಂಗಿಯ ರಣಭೂಮಿ

ರೋಮಕರ ಸೇನೆಯು ದಂಡಯಾತ್ರೆಯಲ್ಲಿ ಒಂದಿರುಳು ತಂಗಿದರೂ ಸುತ್ತಲೂ ಕಂದಕವನ್ನು ತೋಡಿ ಮಣ್ಣಿನ ಒಡ್ಡನ್ನು ಏರಿಸುತ್ತಿದ್ದಿತು. ಬ್ರಿಟನ್ ದ್ವೀಪದಲ್ಲಿ ಅಂತಹ ಪಾಳೆಯಗಳ ಗುರುತುಗಳು ಇಂದಿಗೂ ಕಾಣುತ್ತವೆ. ಗುರುಗುಂಟಾಕ್ಕೆ ದಕ್ಷಿಣದಲ್ಲಿರುವ ಮಸ್ಕಿಯಲ್ಲಿ ಅಂತಹುದನ್ನು ಅರಸುವ ಯಾತ್ರಿಕನಿಗೆ ಬಂಡೆಗಳೂ ಹೊಲಗಳೂ ಮಾತ್ರ ಎದುರಾಗುವುವು. 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನೋಡಿ ಹಿಂದಿರುಗುವವರಲ್ಲಿ ಎಷ್ಟು ಮಂದಿ ತಾವು ನಿಂತುದು ರಣಭೂಮಿಯೆಂಬುದನ್ನು ಬಲ್ಲರು?

ಸುಮಾರು 1020ರಲ್ಲಿ ರಾಜೇಂದ್ರ ಚೋಳನ ದಂಡು ಚಾಲುಕ್ಯ ಜಯಸಿಂಹ ಜಗದೇಕಮಲ್ಲನನ್ನು ಮುಯಂಗಿಯಲ್ಲಿ ಇದಿರಿಸಿತು. ಜಯಸಿಂಹನು ಬೆನ್ನು ತೋರಿ ಅಡಗಿದನೆಂದೂ, ಏಳೂವರೆ ಲಕ್ಷದ ರಟ್ಟಪಾಡಿಯೂ ನವನಿಧಿಗಳೂ ಚೋಳನ ವಶವಾದುವೆಂದೂ ತಮಿಳು ಪ್ರಶಸ್ತಿಗಳು ಸಾರುತ್ತವೆ. ಆ ಊರು ಉಚ್ಚಂಗಿದುರ್ಗವೆಂದು ಊಹಿಸಿದವರೂ ಉಂಟು. ಆದರೆ ಮಸ್ಕಿಯ ಶಾಸನಗಳೇ ಈ ಊರನ್ನು ‘ಪಿರಿಯ ಮೊಸಂಗಿ’ ಎಂದು ಕರೆದಿರುವಾಗ ದೂರ ಹುಡುಕುವುದೇಕೆ?

ಪ್ರಶಸ್ತಿಕಾರನಿಗೆ ಅತಿಶಯೋಕ್ತಿಯು ಅಲಂಕಾರವೇ ಹೊರತು ದೋಷವಲ್ಲ. ಚೋಳನು ಗೆದ್ದಿರಬಹುದು, ನಾಡು ಮಾತ್ರ ಅವನ ಕೈಯಲ್ಲಿ ನಿಲ್ಲಲಿಲ್ಲ. ಯುದ್ಧವಾದ ಕೆಲವೇ ವರ್ಷಗಳಲ್ಲಿ ಇದೇ ಮೊಸಂಗಿಯ ಕಲ್ಲಿನ ಮೇಲೆ ಕೆತ್ತಿದ ಹೆಸರು, ಓಡಿದನೆನ್ನಲಾದ ಜಯಸಿಂಹನದೇ. ಆ ಬಳಿಕ ಸುಮಾರು 1042ರವರೆಗೂ ಆತನು ರಾಜ್ಯವಾಳಿದನು.