ಅಳು ನಿಂತರೆ ಮಗು ಹೊಂದಿಕೊಂಡಿತು ಅಂತಾನಾ?

ಇವತ್ತಿನ ಕಥೆ ಲಂಡನ್‌ದು. ಆದ್ರೆ ನಮ್ಮ ಮನೆಯಿಂದ ಶುರು ಮಾಡ್ತೀನಿ.

2020ರ ಲಾಕ್‌ಡೌನ್. ಅಕ್ಕ ಬೆಂಗಳೂರಲ್ಲಿ ನರ್ಸ್, ಕೋವಿಡ್ ವಾರ್ಡ್‌ನಲ್ಲಿ ಡ್ಯೂಟಿ. ಅವಳ ಐದು ವರ್ಷದ ಮಗ ಅರಸೀಕೆರೆಯಲ್ಲಿ ನಮ್ಮ ಜೊತೆ ಇದ್ದ. ಅಮ್ಮನ ವಿಡಿಯೋ ಕಾಲ್ ಮುಗಿದರೆ ಸಾಕು, ಅಳು. ನೋಡೋಕಾಗದೆ ಕಾಲ್ ಕಡಿಮೆ ಮಾಡಿದ್ವಿ. ಹತ್ತು ದಿನಕ್ಕೆ ಅಳು ನಿಂತಿತು. ‘ಜಾಣ ಮರಿ, ಹೊಂದಿಕೊಂಡ’ ಅಂತ ಎಲ್ಲರೂ ಹೊಗಳಿದ್ವಿ. ನಾನೂ.

ಈಗ 1939ರ ಸೆಪ್ಟೆಂಬರ್‌ಗೆ ಹೋಗೋಣ. ಯುದ್ಧ ಶುರುವಾದ ಆ ಕೆಲವೇ ದಿನಗಳಲ್ಲಿ ಬ್ರಿಟನ್ ಸುಮಾರು 15 ಲಕ್ಷ ಜನರನ್ನು ನಗರಗಳಿಂದ ಹಳ್ಳಿ, ಸಣ್ಣ ಊರುಗಳಿಗೆ ಸಾಗಿಸಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅಂಗಿಗೆ ಹೆಸರಿನ ಚೀಟಿ, ಜೊತೆಗೊಂದು ಗ್ಯಾಸ್ ಮಾಸ್ಕ್. ಬಾಂಬಿನಿಂದ ಜೀವ ಉಳಿಸೋ ಕೆಲಸ ಅದು, ಸರಿಯೇ. ಆದ್ರೆ ಮಕ್ಕಳ ಮನಸ್ಸು?

ಈ ಪ್ರಶ್ನೆ ಹಿಡಿದು ಹೊರಟವರು ಆನಾ ಫ್ರಾಯ್ಡ್. ಸಿಗ್ಮಂಡ್ ಫ್ರಾಯ್ಡ್ ಅವರ ಮಗಳು, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಬಂದವರು. ಗೆಳತಿ ಡೊರೊಥಿ ಬರ್ಲಿಂಗ್‌ಹ್ಯಾಮ್ ಜೊತೆ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಯುದ್ಧಕಾಲದ ಶಿಶುಗೃಹ ನಡೆಸಿದರು. ಅಲ್ಲಿ ಅವರಿಗೆ ಕಂಡಿದ್ದು ಇದು: ಪಕ್ಕದಲ್ಲಿ ಅಮ್ಮ ಇದ್ರೆ ಪುಟ್ಟ ಮಕ್ಕಳು ಬಾಂಬಿನ ಸದ್ದನ್ನೂ ತಾಳಿಕೊಳ್ತಾರೆ. ತಾಳಲಾರದ್ದು ಅಗಲಿಕೆ.

ಹಾಗಾಗಿ ತಾಯಂದಿರು ಯಾವಾಗ ಬೇಕಾದ್ರೂ ಬರಬಹುದಿತ್ತು. ಮಕ್ಕಳನ್ನು ಪುಟ್ಟ ಪುಟ್ಟ ‘ಕುಟುಂಬ’ಗಳಾಗಿ ಮಾಡಿ, ಒಂದೊಂದಕ್ಕೆ ಒಬ್ಬ ಆರೈಕೆಯವಳನ್ನು ಕೊಟ್ಟರು. ಮೊದಲು ಜಗಳ, ಹೊಟ್ಟೆಕಿಚ್ಚು, ಅಳು ಜಾಸ್ತಿಯಾಯ್ತು! ಆಮೇಲೆ ಅದೇ ಮಕ್ಕಳ ಮಾತು ಚುರುಕಾಯ್ತು.

ಅಲ್ಲಿ ಬಾಯ್ಲರ್ ನೋಡಿಕೊಳ್ಳೋಕೆ ಸೇರಿದವನು ಜೇಮ್ಸ್ ರಾಬರ್ಟ್‌ಸನ್. ಕೆಲಸಗಾರರೆಲ್ಲ ಮಕ್ಕಳಲ್ಲಿ ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕಿತ್ತು, ಇವನೂ ಸಹ. ಯುದ್ಧ ಮುಗಿದ ಮೇಲೆ ಇದೇ ಕಣ್ಣಿಟ್ಟುಕೊಂಡು ಆಸ್ಪತ್ರೆಗಳ ಮಕ್ಕಳ ವಾರ್ಡಿಗೆ ಹೋದ. ಆಗ ಅಪ್ಪ ಅಮ್ಮನ ಭೇಟಿಗೆ ಬಿಗಿ ನಿಯಮ. ಕಾರಣ? ಬಂದು ಹೋದ್ರೆ ಮಕ್ಕಳು ಅಳ್ತಾರೆ.

ಥೇಟ್ ನಮ್ಮ ಮನೆಯ ಲೆಕ್ಕಾಚಾರ.

ರಾಬರ್ಟ್‌ಸನ್ ಕಂಡಿದ್ದು ಮೂರು ಹಂತ. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ನಂಟನ್ನೇ ಕಳಚಿಕೊಳ್ಳೋದು. ಈ ಕೊನೆಯ ಹಂತವನ್ನೇ ಆಸ್ಪತ್ರೆಯವರು ‘ಮಗು ಹೊಂದಿಕೊಂಡಿದೆ’ ಅಂತಿದ್ರು. 1952ರಲ್ಲಿ ಅವನು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಬಗ್ಗೆ ಚಿತ್ರ ಮಾಡಿ ತೋರಿಸಿದಾಗ ಎಷ್ಟೋ ವೈದ್ಯರು ಸಿಟ್ಟಾದರು. 1959ರಲ್ಲಿ ಸರ್ಕಾರಿ ಸಮಿತಿಯ ಪ್ಲಾಟ್ ವರದಿಯೇ ಹೇಳಿತು: ಅಪ್ಪ ಅಮ್ಮನನ್ನು ತಡೆಯಬೇಡಿ.

ಎರಡು ತಿಂಗಳಾದ ಮೇಲೆ ಅಕ್ಕ ಊರಿಗೆ ಬಂದಳು. ಅವನು ಓಡಿ ಹೋಗಲಿಲ್ಲ. ಅಜ್ಜಿಯ ಸೆರಗು ಹಿಡ್ಕೊಂಡು ಕೇಳಿದ, ‘ಯಾವಾಗ ಹೋಗ್ತೀಯಾ?’

ಈ ಇತಿಹಾಸ ನಾನು ಓದಿದ್ದು ಆಮೇಲೆ. ಮೊದಲೇ ಓದಿದ್ದರೆ ಕಾಲ್ ನಿಲ್ಲಿಸ್ತಿರಲಿಲ್ಲ. ಕಾಲ್ ಮುಗಿದ ಮೇಲೆ ಅವನನ್ನು ಮಡಿಲಲ್ಲಿ ಕೂರಿಸ್ಕೊಂಡು, ಅಳೋಷ್ಟು ಹೊತ್ತು ಅಳೋಕೆ ಬಿಡ್ತಿದ್ದೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.