ಕರಿನೀರಿನ ಕೋಣೆಗಳು: ಅಂಡಮಾನಿನ ಸೆಲ್ಯುಲರ್ ಜೈಲು

ಅಂಡಮಾನಿನ ಸೆಲ್ಯುಲರ್ ಜೈಲನ್ನು ಸ್ವಾತಂತ್ರ್ಯ ಹೋರಾಟಗಾರರಿಗೆಂದೇ ಕಟ್ಟಿದರೆಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ 1896ರಲ್ಲಿ ಅದರ ಕೆಲಸ ಶುರುವಾದಾಗ ಸರ್ಕಾರದ ಕಣ್ಣಿದ್ದುದು ಕೊಲೆ, ದರೋಡೆಗಳಿಗೆ ಶಿಕ್ಷೆಯಾದ ಸಾಮಾನ್ಯ ಕೈದಿಗಳ ಮೇಲೆ.

ಜೈಲಿಗಿಂತ ದ್ವೀಪದ ಸೆರೆವಾಸ ಹಳೆಯದು. 1857ರ ದಂಗೆಯಲ್ಲಿ ಸೆರೆಸಿಕ್ಕವರನ್ನು ದೂರ ಸಾಗಿಸಲೆಂದು 1858ರ ಮಾರ್ಚ್‌ನಲ್ಲಿ ಜೇಮ್ಸ್ ಪ್ಯಾಟಿಸನ್ ವಾಕರ್ ಸುಮಾರು 200 ಕೈದಿಗಳೊಂದಿಗೆ ಪೋರ್ಟ್ ಬ್ಲೇರ್‌ಗೆ ಬಂದಿಳಿದ. ಕಾಡು ಕಡಿದು ವಸಾಹತು ಕಟ್ಟಿದವರು ಕೈದಿಗಳೇ. ಕಡಲು ದಾಟಿದವನ ಜಾತಿ ಕೆಡುತ್ತದೆ ಎಂಬ ಅಂಜಿಕೆಯಿದ್ದ ಕಾಲದಲ್ಲಿ ‘ಕರಿನೀರಿನ ಶಿಕ್ಷೆ’ ಎಂಬ ಮಾತೇ ಹೆದರಿಸಲು ಸಾಕಾಗಿತ್ತು. 1872ರ ಫೆಬ್ರವರಿ 8ರಂದು ವೈಸ್‌ರಾಯ್ ಲಾರ್ಡ್ ಮೇಯೊನನ್ನು ಶೇರ್ ಅಲಿ ಎಂಬ ಕೈದಿ ಇರಿದು ಕೊಂದದ್ದು ಇದೇ ದ್ವೀಪಗಳಲ್ಲಿ.

ಬರಬರುತ್ತಾ ಆ ಅಂಜಿಕೆ ಇಳಿಯಿತು. 1890ರಲ್ಲಿ ಇಲ್ಲಿಗೆ ಬಂದು ಪರಿಶೀಲಿಸಿದ ಸರ್ಕಾರಿ ಅಧಿಕಾರಿಗಳಾದ ಲಯಾಲ್ ಮತ್ತು ಲೆತ್‌ಬ್ರಿಜ್ ಕಂಡುಕೊಂಡದ್ದು ವಿಚಿತ್ರವಾಗಿತ್ತು: ಊರಿನ ಜೈಲಿಗಿಂತ ಅಂಡಮಾನೇ ಮೇಲು ಎಂದು ಕೈದಿಗಳು ಭಾವಿಸತೊಡಗಿದ್ದರು. ವಸಾಹತಿನಲ್ಲಿ ಬಯಲ ಕೆಲಸ, ಮುಂದೊಂದು ದಿನ ತುಂಡು ಹೊಲ, ಸಂಸಾರದ ಆಸೆ ಇತ್ತಲ್ಲ. ಬಂದವರನ್ನೆಲ್ಲ ಮೊದಲು ಒಂಟಿ ಕೋಣೆಯಲ್ಲಿಟ್ಟು ಮೆತ್ತಗೆ ಮಾಡಬೇಕೆಂದು ಅವರು ಶಿಫಾರಸು ಮಾಡಿದರು. ಆರು ತಿಂಗಳ ಆ ಏಕಾಂತಕ್ಕೆ ಕಟ್ಟಿದ್ದೇ ಸೆಲ್ಯುಲರ್ ಜೈಲು. ಕಡಲು ಹುಟ್ಟಿಸದ ಭಯವನ್ನು ಗೋಡೆ ಹುಟ್ಟಿಸಬೇಕಿತ್ತು.

ಬರ್ಮಾದಿಂದ ಇಟ್ಟಿಗೆ ತರಿಸಿ, ಕೈದಿಗಳಿಂದಲೇ ಕಟ್ಟಿಸಿ, 1906ರಲ್ಲಿ ಕೆಲಸ ಮುಗಿಸಿದರು. ನಡುವೆ ಒಂದು ಗೋಪುರ. ಅದರಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಚಾಚಿದ ಮೂರಂತಸ್ತಿನ ಏಳು ಬಾಹುಗಳು. ಒಟ್ಟು 690ಕ್ಕೂ ಹೆಚ್ಚು ಕೋಣೆಗಳು. ಗೋಪುರದಲ್ಲಿ ನಿಂತ ಕಾವಲುಗಾರನ ಕಣ್ಣು ಏಳೂ ಕಡೆಗೆ ಹರಿಯುತ್ತಿತ್ತು. ಒಂದು ಕೋಣೆಯ ಅಳತೆ ಹದಿಮೂರೂವರೆ ಅಡಿಗೆ ಏಳೂವರೆ ಅಡಿ. ಹಿಂದಿನ ಗೋಡೆಯಲ್ಲಿ ಕೈಗೆಟುಕದ ಎತ್ತರಕ್ಕೆ ಒಂದು ಗವಾಕ್ಷಿ. ಕಬ್ಬಿಣದ ಬಾಗಿಲಿನ ಚಿಲಕವನ್ನು ಹೊರಗೋಡೆಯ ಗೂಡಿನವರೆಗೆ ಉದ್ದ ಚಾಚಿಸಿ ಅಲ್ಲಿ ಬೀಗ ಹಾಕುತ್ತಿದ್ದರು. ಸರಳುಗಳ ನಡುವೆ ಎಷ್ಟೇ ಕೈ ತೂರಿಸಿದರೂ ಬೀಗ ಸಿಗದು. ಎಲ್ಲಕ್ಕಿಂತ ಕುಟಿಲವಾದದ್ದು ಬಾಹುಗಳ ಜೋಡಣೆ. ಒಂದರ ಬಾಗಿಲುಗಳೆಲ್ಲ ಮತ್ತೊಂದರ ಬೆನ್ನಿಗೆ ಮುಖ ಮಾಡಿವೆ. ಹಾಗಾಗಿ ಕೈದಿಗೆ ಎದುರಾಗುತ್ತಿದ್ದುದು ಬರಿಯ ಗೋಡೆ. ಅಣ್ಣ ಗಣೇಶ ಸಾವರ್ಕರ್ ಇದ್ದ ಜೈಲಿಗೇ 1911ರಲ್ಲಿ ತಮ್ಮ ವಿನಾಯಕ ಬಂದರೂ ಇಬ್ಬರೂ ಪರಸ್ಪರ ಮುಖ ನೋಡಲು ಬಹುಕಾಲ ಕಾಯಬೇಕಾಯಿತು.

1909ರಲ್ಲಿ ಅಲಿಪುರ ಬಾಂಬ್ ಮೊಕದ್ದಮೆಯ ಬಾರೀಂದ್ರ ಘೋಷ್, ಉಲ್ಲಾಸಕರ ದತ್ತ ಮೊದಲಾದ ಕ್ರಾಂತಿಕಾರಿಗಳು ಬಂದ ಮೇಲೆ ಈ ಕಟ್ಟಡಕ್ಕೆ ಹೊಸ ಕೆಲಸ ಸಿಕ್ಕಿತು. ಜೈಲರ್ ಡೇವಿಡ್ ಬ್ಯಾರಿ. ತೆಂಗಿನ ಸಿಪ್ಪೆ ಬಡಿದು ನಾರು ತೆಗೆಯುವುದು ಹಗುರ ಕೆಲಸವೆನಿಸಿತ್ತು. ಗಾಣವೆಂದರೆ ಎಲ್ಲರಿಗೂ ನಡುಕ: ಎತ್ತಿನ ಜಾಗದಲ್ಲಿ ಮನುಷ್ಯ ನಿಂತು ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕು, ಕಡಿಮೆ ಬಿದ್ದರೆ ಬೇಡಿ ಇಲ್ಲವೇ ಛಡಿಯೇಟು. 1912ರಲ್ಲಿ ಕೈದಿ ಇಂದುಭೂಷಣ ರಾಯ್ ನೇಣು ಹಾಕಿಕೊಂಡರು. ಉಲ್ಲಾಸಕರ ದತ್ತರಿಗೆ ಬುದ್ಧಿಭ್ರಮಣೆಯಾಯಿತು.

1921ರ ಹೊತ್ತಿಗೆ ರಾಜಕೀಯ ಕೈದಿಗಳನ್ನು ಒಳನಾಡಿನ ಜೈಲುಗಳಿಗೆ ಮರಳಿಸಿದರು. ಚಿತ್ತಗಾಂಗ್ ಶಸ್ತ್ರಾಗಾರದ ದಾಳಿಯ ನಂತರ, 1932ರಲ್ಲಿ, ಸರ್ಕಾರ ರಾಜಕೀಯ ಕೈದಿಗಳನ್ನು ಮತ್ತೆ ಅಂಡಮಾನಿಗೆ ಸಾಗಿಸತೊಡಗಿತು. ಮರುವರ್ಷ ಕೈದಿಗಳು ಉಪವಾಸಕ್ಕೆ ಕುಳಿತರು. ಬಲವಂತವಾಗಿ ನಳಿಕೆಯಲ್ಲಿ ಹಾಲು ಇಳಿಸುವಾಗ ಅದು ಶ್ವಾಸಕೋಶಕ್ಕೆ ಹೋಗಿ ಮಹಾವೀರ ಸಿಂಗ್ ಸತ್ತರು. ಮೋಹನ ಕಿಶೋರ್ ಮತ್ತು ಮೋಹಿತ್ ಮೈತ್ರ ಕೂಡ ಉಳಿಯಲಿಲ್ಲ. 1937ರ ಎರಡನೆಯ ದೊಡ್ಡ ಉಪವಾಸಕ್ಕೆ ದೇಶವೇ ಕಿವಿಗೊಟ್ಟಿತು. 1938ರ ಆರಂಭಕ್ಕೆ ರಾಜಕೀಯ ಕೈದಿಗಳೆಲ್ಲ ಮರಳಿದ್ದರು.

ಕೋಣೆಗಳು ಮಾತ್ರ ಖಾಲಿ ಉಳಿಯಲಿಲ್ಲ. 1942ರ ಮಾರ್ಚ್‌ನಲ್ಲಿ ದ್ವೀಪ ಹಿಡಿದ ಜಪಾನೀಯರು ಗೂಢಚಾರಿಕೆಯ ಸಂಶಯದ ಮೇಲೆ ಸ್ಥಳೀಯ ಭಾರತೀಯರನ್ನೇ ಅಲ್ಲಿ ತುಂಬಿದರು. 1943ರ ಡಿಸೆಂಬರ್‌ನಲ್ಲಿ ಸುಭಾಷ್‌ಚಂದ್ರ ಬೋಸ್ ಪೋರ್ಟ್ ಬ್ಲೇರ್‌ನಲ್ಲಿ ಬಾವುಟ ಹಾರಿಸಿದಾಗ, ಅವರದೇ ಚಳವಳಿಯ ಸ್ಥಳೀಯ ನಾಯಕ ಡಾ. ದಿವಾನ್ ಸಿಂಗ್ ಒಳಗೆ ಚಿತ್ರಹಿಂಸೆ ಅನುಭವಿಸುತ್ತಿದ್ದರು. ಮರು ತಿಂಗಳೇ ತೀರಿಕೊಂಡರು. ಪ್ರವಾಸಿಗರಿಗೆ ಹೇಳುವ ಕಥೆಯಲ್ಲಿ ಈ ಅಧ್ಯಾಯಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಸ್ವಾತಂತ್ರ್ಯದ ನಂತರ, 1963ರಲ್ಲಿ, ಆವರಣದೊಳಗೆ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ ತಲೆಯೆತ್ತಿತು. ಬಾಹುಗಳನ್ನು ಕೆಡವುತ್ತ ಹೋದದ್ದನ್ನು ಪ್ರತಿಭಟಿಸಿದವರು ಅಲ್ಲಿ ಸೆರೆಯಿದ್ದವರೇ. 1979ರ ಫೆಬ್ರವರಿ 11ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಜೈಲನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಅಷ್ಟರಲ್ಲಿ ಏಳರಲ್ಲಿ ಉಳಿದಿದ್ದದ್ದು ಮೂರು ಬಾಹುಗಳು, ನಡುವಿನ ಗೋಪುರ.

ಇಂದು ಅಂಗಳದಲ್ಲಿ ಗಾಣ, ಛಡಿಯೇಟಿನ ಚೌಕಟ್ಟು, ಒಮ್ಮೆಗೆ ಮೂವರನ್ನು ಗಲ್ಲಿಗೇರಿಸುತ್ತಿದ್ದ ಕೋಣೆ ಇವನ್ನೆಲ್ಲ ತೋರಿಸುತ್ತಾರೆ. ಸಂಜೆ ಧ್ವನಿ-ಬೆಳಕಿನ ಪ್ರದರ್ಶನವೂ ಉಂಟು. ಆದರೂ ಯಾವುದಾದರೊಂದು ಕೋಣೆಯೊಳಗೆ ನಿಂತು ಎದುರಿನ ಬರಿಗೋಡೆಯನ್ನು ಒಂದೈದು ನಿಮಿಷ ನೋಡುವುದರಿಂದ ತಿಳಿಯುವಷ್ಟು ಆ ಪ್ರದರ್ಶನದಿಂದ ತಿಳಿಯದು. ಗೋಪುರದ ಅಮೃತಶಿಲೆಯ ಫಲಕಗಳಲ್ಲಿ ಹೋರಾಟಗಾರರ ಹೆಸರುಗಳನ್ನು ಪ್ರಾಂತ್ಯವಾರು ಕೆತ್ತಲಾಗಿದೆ. ಈ ಜೈಲನ್ನು ಯಾರಿಗಾಗಿ ಕಟ್ಟಿದರೋ, ಯಾರ ಕೈಯಿಂದ ಕಟ್ಟಿಸಿದರೋ, ಆ ಸಾಮಾನ್ಯ ಕೈದಿಗಳ ಹೆಸರು ಅಲ್ಲಿಲ್ಲ.